ರಮಾಮಣಿಯ ಹಿತ್ತಲ ಕುಲುಮೆ

ಅಮೆರಿಕದ ವೆಸ್ಟ್ ವಿಂಡ್ಸರ್‌ನ ರಮಾಮಣಿಯವರು ಸುರತ್ಕಲ್ಲಿನಲ್ಲಿ ಲೋಹಶಾಸ್ತ್ರ ಓದಿದ ಇಂಜಿನಿಯರು ಅಂದರೆ ಅಕ್ಕಪಕ್ಕದವರು ಯಾರೂ ನಂಬುವುದಿಲ್ಲ. ನಂಬುವುದಾದರೂ ಹೇಗೆ? ಗಂಡ ಬದರೀನಾಥರ ಜೊತೆ ಡಿಪೆಂಡೆಂಟ್ ವೀಸಾದಲ್ಲಿ ಬಂದವರಿಗೆ ಕೆಲಸ ಮಾಡುವ ಹಾಗೇ ಇರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಊರಿನ ಲೈಬ್ರರಿಯಲ್ಲಿ ಇಪ್ಪತ್ತೆಂಟು ವರ್ಷ ಪುಸ್ತಕ ಜೋಡಿಸಿ ರಿಟೈರ್ ಆದರು. ಪಾಪ, ಒಂದು ಗುಲಗಂಜಿಯಷ್ಟು ಲೋಹವನ್ನೂ ಕೈಯಾರೆ ಕರಗಿಸಿ ತೆಗೆದವರಲ್ಲ. ಆ ಕೊರಗು ಮಾತ್ರ ಹೋಗಿರಲಿಲ್ಲ.

ಈ ಬೇಸಿಗೆಯಲ್ಲಿ ಅದೇ ಲೈಬ್ರರಿಯವರು ಬೈಬಲ್ ಕಾಲದ ಗಣಿಗಳ ಬಗ್ಗೆ ಪ್ರದರ್ಶನ ಇಟ್ಟರು. ತಿಮ್ನಾ ಕಣಿವೆಯಲ್ಲಿ ಮೂರು ಸಾವಿರ ವರ್ಷದ ಹಿಂದೆ ಹಸಿರು ಕಲ್ಲಿನಿಂದ ತಾಮ್ರ ತೆಗೆಯುತ್ತಿದ್ದರೆಂದು ಓದಿದ್ದೇ ತಡ, ಅದೇ ಬಗೆಯಲ್ಲಿ ತೆಗೆದು ತೋರಿಸುತ್ತೇನೆಂದು ರಮಾಮಣಿ ಮಾತು ಕೊಟ್ಟು ಬಂದರು. ಊರಿನ ಟೌನ್‌ಶಿಪ್ ಕಚೇರಿಯಿಂದ ಪರ್ಮಿಟ್ ತಂದು ಹಿತ್ತಲಲ್ಲಿ ಮಣ್ಣಿನ ಕುಲುಮೆ ಕಟ್ಟಿದರು. ಗಾಳಿಗೆ ಹೇರ್ ಡ್ರೈಯರ್ ಸಾಕಲ್ಲ ಎಂದ ಗಂಡನನ್ನು, ಬೈಬಲ್ಲಿನ ಸೊಲೊಮೋನ್ ರಾಜನ ಕಾಲದಲ್ಲಿ ಪ್ಲಗ್ ಎಲ್ಲಿತ್ತು ಎಂದು ಗದರಿ, ಚರ್ಮದ ತಿದಿಯನ್ನು ಅವರ ಕಾಲ ಕೆಳಗೇ ಇಟ್ಟರು.

ಮೊದಲ ಶನಿವಾರ ಕೆಲಸ ಕೆಟ್ಟಿತು. ಬೆಂಕಿ ಹಾಕುವ ಮುಂಚೆ ಒಲೆ ಸಾರಿಸಬೇಡವೆ? ಚೆನ್ನಾಗಿ ಒಣಗಿದ್ದ ಕುಲುಮೆಗೆ, ಅಜ್ಜಿ ಕಲಿಸಿದ ಹಾಗೆ, ಹಸಿಮಣ್ಣು ಬಳಿದು ರಂಗೋಲಿ ಎಳೆದು ಹೊತ್ತಿಸಿದರು. ತೇವವೆಲ್ಲ ಆವಿಯಾಗಿ ಗೋಡೆ ಢಮ್ಮೆಂದು ಬಿರಿಯಿತು. ಮೊದಲ ವರ್ಷದ ಹುಡುಗರಿಗೂ ಗೊತ್ತಿರುವ ಪಾಠ ಅದು. ರಮಾಮಣಿ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು.

“ಓದಿದ್ದೆಲ್ಲ ಮರ್ತೇ ಹೋಗಿದೆ ಕಣ್ರೀ. ನಾನು ಇಂಜಿನಿಯರೇ ಅಲ್ಲ.”

ಬದರೀನಾಥರಿಗೆ ಸಮಾಧಾನದ ಮಾತು ಬರುವುದಿಲ್ಲ. ಕಾರು ತೆಗೆದು ಹೋಗಿ ಇನ್ನೆರಡು ಮೂಟೆ ಜೇಡಿಮಣ್ಣು ತಂದು ಹಾಕಿದರು.

ಎರಡನೆಯ ಕುಲುಮೆಯನ್ನು ಹತ್ತು ದಿನ ಒಣಗಿಸಿದರು. ಸಾರಿಸಲು ಕೈ ತುರಿಸಿದರೂ ಮುಟ್ಟಲಿಲ್ಲ. ರಮಾಮಣಿ ಇದ್ದಿಲು, ತರಿಸಿಟ್ಟಿದ್ದ ಹಸಿರು ಅದಿರು ಪದರ ಪದರವಾಗಿ ಹಾಕುತ್ತಿದ್ದರೆ, ಎಪ್ಪತ್ತು ದಾಟಿದ ಬದರೀನಾಥರು ಮಂಡಿನೋವೆಂದು ಒಮ್ಮೆಯೂ ಗೊಣಗದೆ ಮಧ್ಯಾಹ್ನವಿಡೀ ತಿದಿ ತುಳಿದರು. ಆರಿದ ಮೇಲೆ ಕರಿ ಕಿಟ್ಟವನ್ನು ಕುಟ್ಟಿ ಕುಟ್ಟಿ ಹುಡುಕಿದರೆ, ಕಡಲೆಕಾಳಿನಷ್ಟು ಒಂದು ಕೆಂಪು ಗುಂಡು. ಅಪ್ಪಟ ತಾಮ್ರ.

ರಮಾಮಣಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿಂದ ಉಜ್ಜಿ ಉಜ್ಜಿ ನೋಡಿದರು. ಬದರೀನಾಥರು ಮಸಿ ಹತ್ತಿದ ಮುಖ ಒರೆಸಿಕೊಂಡರು.

“ನಿಂಗೆ ನಲವತ್ತು ವರ್ಷ ತಡ ಮಾಡಿಸ್ಬಿಟ್ಟೆ ನಾನು, ರಮಾ.”

ರಮಾಮಣಿ ಇಲ್ಲ ಅನ್ನಲಿಲ್ಲ.

“ಹೌದು, ಮಾಡಿಸಿದ್ರಿ,” ಎಂದು ಗುಂಡನ್ನು ಅವರ ಕೈಗೆ ಹಾಕಿದರು. “ನಾಳೆಗೆ ಇನ್ನೊಂದು ಮೂಟೆ ಇದ್ದಿಲು ತನ್ನಿ.”