ಆವುಲಪ್ಪನ ಚೀಲ ತೂಗಿದ ಹನ್ನೆರಡು ದಿನ

"ಶ್ಯಾಮಲಮ್ಮ, ಕೇರಾಫ್ ರಾಮಕೃಷ್ಣಪ್ಪ, ಅವಲಪಲ್ಲಿ, ಹೊಸೂರು!"

ಬೆಳಗಿನ ಐದೂವರೆ. ತೊಟ್ಟಿಲಗುಟ್ಟೆಯಿಂದ ಅಂಚೆಟ್ಟಿಗೆ ಇಳಿಯುವ ಕಾಡುದಾರಿಯಲ್ಲಿ ಇನ್ನೂ ಮುಖ ಕಾಣದಷ್ಟು ಕತ್ತಲೆ. ನನ್ನ ಮುಂದೆ ನಡೆಯುತ್ತಿರುವ ಮನುಷ್ಯ ಹೆಗಲ ಮೇಲೆ ಖಾಕಿ ಚೀಲ ಹೊತ್ತು, ಎಡಗಾಲು ಸ್ವಲ್ಪ ಎಳೆಯುತ್ತಾ, ಒಂದಾದ ಮೇಲೊಂದು ವಿಳಾಸ ಕೂಗುತ್ತಿದ್ದಾರೆ. ಅರಗಿನ ಮುದ್ರೆ ಬಿದ್ದ ಆ ಚೀಲದೊಳಗೆ ಯಾರ್ಯಾರ ಕಾಗದವಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ.

"ಆನೆಗೆ ಸುಮ್ಕೆ ಬರೋರ್ನ ಕಂಡ್ರೆ ಆಗಲ್ಲ ಸಾಮಿ. ನಾನ್ ಬತ್ತಾ ಇವ್ನಿ ಅಂತ ಮುಂಚೇನೇ ತಿಳಿಸ್ಬೇಕು. ಪದ ಹೇಳಾಕೆ ನಂಗೆ ಬರಲ್ಲ. ಅದ್ಕೇ ವಿಲಾಸ ಹೇಳ್ಕೊಂಡು ಓಗ್ತೀನಿ" ಎನ್ನುತ್ತಾರೆ ಆವುಲಪ್ಪ.

ಐವತ್ತೊಂದು ವರ್ಷದ ಆವುಲಪ್ಪನವರು ಹತ್ತೊಂಬತ್ತು ವರ್ಷಗಳಿಂದ ಈ ದಾರಿಯಲ್ಲಿ ಟಪಾಲು ಹೊರುತ್ತಿದ್ದಾರೆ. ಬೆಳಿಗ್ಗೆ ಆರು ಮೈಲಿ ಇಳಿದು ಅಂಚೆಟ್ಟಿಯಲ್ಲಿ ಚೀಲ ಬಸ್ಸಿಗೆ ಹಾಕಬೇಕು. ಬಂದ ಚೀಲ ಹೊತ್ತು ಮತ್ತೆ ಆರು ಮೈಲಿ ಹತ್ತಿ ಏಳು ಹಳ್ಳಿಗಳಿಗೆ ಹಂಚಬೇಕು. ಭಾನುವಾರ ಬಿಟ್ಟರೆ ರಜೆಯಿಲ್ಲ. ಕಾಗದಗಳ ಮೇಲೆ ಕನ್ನಡವೂ ಇರುತ್ತದೆ, ತೆಲುಗೂ ಇರುತ್ತದೆ, ತಮಿಳೂ ಇರುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಆವುಲಪ್ಪ ಮೂರನ್ನೂ ಓದುತ್ತಾರೆ. ಓದು ಬಾರದವರ ಮನೆ ಜಗುಲಿಯಲ್ಲಿ ಕೂತು ಕಾಗದ ಓದಿ ಹೇಳಿ, ಉತ್ತರವನ್ನೂ ಬರೆದುಕೊಟ್ಟು ಏಳುತ್ತಾರೆ. ಇಷ್ಟಾದರೂ ದಾಖಲೆಯಲ್ಲಿ ಅವರು 'ಇಲಾಖೇತರ' ನೌಕರ. ಇಲಾಖೆಯ ಚೀಲ ಹೊರಬಹುದು, ಇಲಾಖೆಯವರು ಅನ್ನಿಸಿಕೊಳ್ಳುವ ಹಾಗಿಲ್ಲ. ಪಿಂಚಣಿಯ ಮಾತಂತೂ ಇಲ್ಲವೇ ಇಲ್ಲ. ಮನೆ ನಡೆಯುವುದು ಒಂದೆಕರೆ ರಾಗಿ, ಹುರುಳಿಯಿಂದ.

ಈಗ ಈ ದಾರಿಯನ್ನೇ ಮುಚ್ಚಲು ಹೊರಟಿದ್ದಾರೆ. ಅದು ಹೇಗೆ ನಡೆಯಿತೆಂದು ಕೇಳಿದರೆ ಮೈ ಉರಿಯುತ್ತದೆ.

ಕಳೆದ ಫೆಬ್ರವರಿಯಲ್ಲಿ ಮೇಲಿನ ಕಚೇರಿಯಿಂದ ಒಬ್ಬ ಇನ್ಸ್‌ಪೆಕ್ಟರ್ ತೊಟ್ಟಿಲಗುಟ್ಟೆಗೆ ಬಂದರು. ಇಲ್ಲಿನ ಅಂಚೆ ಕಚೇರಿಯೆಂದರೆ ಪೋಸ್ಟ್‌ಮಾಸ್ಟರ್ ವೆಂಕಟಸ್ವಾಮಿಯವರ ಮನೆಯ ಮುಂದಿನ ಕೋಣೆ. ಇನ್ಸ್‌ಪೆಕ್ಟರು ಅಲ್ಲಿ ಒಂದು ತಕ್ಕಡಿ ನೇತುಹಾಕಿಸಿದರು. ಹನ್ನೆರಡು ದಿನ ಹೋಗುವ ಬರುವ ಕಾಗದಗಳನ್ನೆಲ್ಲ ಎಣಿಸಬೇಕು, ಚೀಲ ತೂಗಬೇಕು, ಬರೆದಿಡಬೇಕು ಎಂದು ಹೇಳಿ ಹೋದರು. ಯಾಕೆ ಏನು ಎಂದು ಊರವರಿಗೆ ಒಂದು ಮಾತು ತಿಳಿಸಲಿಲ್ಲ.

ಹೇಳದಿದ್ದರೆ ಜನ ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಅದಕ್ಕೆ ಮುಂಚಿನ ಮಳೆಗಾಲದಲ್ಲಿ ಆವುಲಪ್ಪ ಹಳ್ಳದ ಬಂಡೆಯ ಮೇಲೆ ಜಾರಿ ಬಿದ್ದು ಮಂಡಿ ಊದಿಸಿಕೊಂಡಿದ್ದರು. ಕುಂಟುವುದನ್ನು ಏಳು ಹಳ್ಳಿಯವರೂ ನೋಡಿದ್ದರು. 'ಆವುಲಪ್ಪನ ಭಾರ ತೂಗ್ತಾವ್ರಂತೆ' ಎಂಬ ಸುದ್ದಿ ಒಂದೇ ದಿನದಲ್ಲಿ ಊರೂರು ಸುತ್ತಿತು. ಭಾರ ಹೆಚ್ಚಾಗಿ ಕಂಡರೆ, ಈ ಕುಂಟನ ಕೈಲಿ ಆಗದು ಎಂದು ಮನೆಗೆ ಕಳಿಸಿಬಿಡುತ್ತಾರೆ ಎಂದು ಎಲ್ಲರೂ ಹೆದರಿದರು. ಯಾರೂ ಸಭೆ ಸೇರಲಿಲ್ಲ, ಯಾರೂ ಯಾರಿಗೂ ಆಣೆ ಹಾಕಲಿಲ್ಲ. ಬರೆದ ಕಾಗದಗಳನ್ನೆಲ್ಲ ಗೂಡಿನಲ್ಲಿ, ಸೂರಿನ ಸಂದಿಯಲ್ಲಿ, ರಾಗಿ ಮಡಿಕೆಯಲ್ಲಿ ಇಟ್ಟುಕೊಂಡು ಸುಮ್ಮನಾದರು.

ದಿನಕ್ಕೆ ಮೂವತ್ತು ಕಾಗದ ಹೋಗುತ್ತಿದ್ದ ಕಚೇರಿಯಿಂದ ಆ ಹನ್ನೆರಡು ದಿನಗಳಲ್ಲಿ ಹೋದದ್ದು ಒಟ್ಟು ಮೂವತ್ತೊಂದು.

"ನಂಗೂ ತಿಳೀಲಿಲ್ಲ ಸಾಮಿ. ಯಾಕಪ್ಪಾ ಯಾರೂ ಕಾಗ್ದ ಕೊಡಾಕಿಲ್ಲ, ನನ್ನಿಂದ ಏನ್ ತಪ್ಪಾಯ್ತು ಅನ್ಕೊಂಡೆ. ಯೋಳಾಕೆ ವಿಲಾಸಾನೇ ಇಲ್ಲ. ಮೂರು ದಿನ ಬರೀ ಕೆಮ್ಕೊಂಡು ಕಾಡು ದಾಟಿದೆ" ಎಂದು ಆವುಲಪ್ಪ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಹದಿಮೂರನೇ ದಿನ ತಕ್ಕಡಿ ಬಿಚ್ಚಿಕೊಂಡು ಹೋದರು. ಅದೇ ದಿನ ಏಳು ಹಳ್ಳಿಯವರು ಬಚ್ಚಿಟ್ಟದ್ದನ್ನೆಲ್ಲ ತಂದು ಸುರಿದರು. ಒಂದೇ ದಿನ ಇನ್ನೂರ ಎಂಬತ್ತಾರು ಕಾಗದ! ಹತ್ತೊಂಬತ್ತು ವರ್ಷಗಳಲ್ಲೇ ಅಷ್ಟು ಭಾರದ ಚೀಲವನ್ನು ಆವುಲಪ್ಪ ಹೊತ್ತಿರಲಿಲ್ಲ. ವೆಂಕಟಸ್ವಾಮಿಯವರು ಇದನ್ನು ವಿವರವಾಗಿ ಬರೆದು ಮೇಲಕ್ಕೆ ಕಳಿಸಿದರು. 'ಎಣಿಕೆಯ ಅವಧಿ ಮುಗಿದಿದೆ' ಎಂದು ಒಂದೇ ಸಾಲಿನ ಉತ್ತರ ಬಂತು.

ಅದರ ಹಿಂದೆಯೇ ಆದೇಶ. ಟಪಾಲಿನ ಪ್ರಮಾಣ ನಗಣ್ಯವಾದ್ದರಿಂದ ತೊಟ್ಟಿಲಗುಟ್ಟೆಯ ಕಚೇರಿ ಮುಚ್ಚತಕ್ಕದ್ದು. ದಿನದ ನಡಿಗೆ ನಿಲ್ಲಿಸತಕ್ಕದ್ದು. ವಾರಕ್ಕೆರಡು ಬಾರಿ ಗುತ್ತಿಗೆದಾರನ ಜೀಪು ಡಾಂಬರು ರಸ್ತೆ ಮುಗಿಯುವವರೆಗೆ ಚೀಲ ತರತಕ್ಕದ್ದು. ಕಾಗದ ಬೇಕಾದವರು ಅಲ್ಲಿಗೇ ಬಂದು ಪಡೆಯಬಹುದಂತೆ. ಡಾಂಬರು ಮುಗಿಯುವುದು ಇಲ್ಲಿಂದ ನಾಲ್ಕು ಮೈಲಿ ದೂರದಲ್ಲಿ.

"ಕಾಗ್ದ ಬಂದೈತಾ ಇಲ್ವಾ ಅಂತ ನೋಡಾಕೆ ನಾಲ್ಕು ಮೈಲಿ ಓಗ್ಬೇಕು. ಬಂದಿಲ್ಲ ಅಂದ್ರೆ ಬರೀ ಕೈಲಿ ನಾಲ್ಕು ಮೈಲಿ ವಾಪಸ್ ಬರ್ಬೇಕು. ಮುದುಕರು ಕುಂಟರು ಏನ್ ಮಾಡ್ತಾರೆ?" ಎಂದು ಕೇಳುತ್ತಾರೆ ವೆಂಕಟಸ್ವಾಮಿ.

ನಗಣ್ಯ! ಆ ಪದ ಬರೆದವರು ಒಂದು ದಿನವಾದರೂ ಈ ದಾರಿಯಲ್ಲಿ ನಡೆದಿದ್ದಾರೆಯೇ? ನಷ್ಟ, ನಷ್ಟ ಎಂದು ಬಾಯಿ ಬಡಿದುಕೊಳ್ಳುತ್ತಾರಲ್ಲ, ಹೊಸೂರಿನ ಕಾರ್ಖಾನೆಗಳ ಕಾಗದಗಳನ್ನು ಈಗ ಖಾಸಗಿಯವರು ಮೋಟಾರ್ ಬೈಕಿನಲ್ಲಿ ಹಂಚತೊಡಗಿರುವುದು ಇವರಿಗೆ ಕಾಣುವುದಿಲ್ಲವೇ? ಲಾಭದ ಬೀದಿಗಳನ್ನೆಲ್ಲ ಅವರಿಗೆ ಬಿಟ್ಟುಕೊಟ್ಟು, ನಷ್ಟದ ಹೊಣೆಯನ್ನು ಗುಡ್ಡದವರ ತಲೆಗೆ ಕಟ್ಟುವುದು ಯಾವ ಸೀಮೆಯ ನ್ಯಾಯ? ಆ ಬೈಕಿನವರಲ್ಲಿ ಒಬ್ಬನಾದರೂ ತೊಟ್ಟಿಲಗುಟ್ಟೆಗೂ ಹೋಗುತ್ತೇನೆ ಎಂದು ಅರ್ಜಿ ಹಾಕಿದ್ದು ನನಗೆ ಗೊತ್ತಿಲ್ಲ. ದೇಶ ಇಪ್ಪತ್ತೊಂದನೇ ಶತಮಾನಕ್ಕೆ ಹೋಗುತ್ತದಂತೆ. ಇಲ್ಲಿಯ ಜನ ಬಾಯಿಬಿಟ್ಟು ಕೇಳುತ್ತಿರುವುದು ದಿನಕ್ಕೊಮ್ಮೆ ಒಬ್ಬ ಮನುಷ್ಯ ನಡೆದು ಬರಲಿ ಎಂದಷ್ಟೆ. ಕಾರ್ಖಾನೆಯ ಸಾಹೇಬರೂ ಗುಡ್ಡದ ಮುದುಕಿಯೂ ಒಂದು ಕಾರ್ಡಿಗೆ ಕೊಡುವ ಬೆಲೆ ಒಂದೇ. ಸರ್ಕಾರಿ ಅಂಚೆ ಎಂದರೆ ಅದು. ಅದನ್ನು ಉಳಿಸಿಕೊಳ್ಳಲಾಗದಿದ್ದರೆ ಕೆಂಪು ಡಬ್ಬಿಗೆ ಪ್ರತಿ ವರ್ಷ ಬಣ್ಣ ಬಳಿಯುವುದಾದರೂ ಯಾಕೆ?

ಏಳು ಹಳ್ಳಿಯವರು ಸುಮ್ಮನಿರಲಿಲ್ಲ. "ಮನು ಬರ್ಕೊಟ್ವಿ ಸಾರ್, ನಾನೂರು ಎಬ್ಬೆಟ್ಟು" ಎನ್ನುತ್ತಾರೆ ವೆಂಕಟಸ್ವಾಮಿ. ಮನು ಎಂದರೆ ಇಲ್ಲಿಯವರ ಮಾತಿನಲ್ಲಿ ಅರ್ಜಿ. ಅದರ ಮೇಲೆ ಇನ್ನೊಮ್ಮೆ ಎಣಿಸಲು ಒಪ್ಪಿಗೆ ಸಿಕ್ಕಿದೆ. ಮತ್ತೆ ಹನ್ನೆರಡು ದಿನ. ಈ ಸಲವೂ ಚೀಲ ಹಗುರವಾದರೆ ಮುಂದಿನ ತಿಂಗಳು ಕಚೇರಿಗೆ ಬೀಗ. ನಾನು ಆವುಲಪ್ಪನವರ ಜೊತೆ ನಡೆಯುತ್ತಿರುವ ಈ ಸೋಮವಾರ ಎರಡನೇ ಎಣಿಕೆಯ ಮೊದಲ ದಿನ.

ಮನೆಗೆ ಹತ್ತು ಖಾಲಿ ಕಾರ್ಡು ಹಾಕಿಬಿಡೋಣ, ತಕ್ಕಡಿ ತಾನಾಗಿ ಬಗ್ಗುತ್ತದೆ ಎಂದು ಕೆಲವರು ಸಲಹೆ ಕೊಟ್ಟರಂತೆ. ಆವುಲಪ್ಪ ಖಡಾಖಂಡಿತವಾಗಿ ಬೇಡವೆಂದಿದ್ದಾರೆ. "ಅಕ್ಷರ ಇಲ್ದಿರೋ ಕಾರ್ಡ್ ಒತ್ಕೊಂಡು ಯಾರ ಮನೆ ಬಾಗ್ಲಿಗೆ ಓಗ್ಲಿ ಸಾಮಿ? ಬರ್ದಿರೋದು ಬಚ್ಚಿಡ್ದೆ ಕೊಟ್ರೆ ಸಾಕು."

ಬೆಳಕು ಹರಿಯುವ ಹೊತ್ತಿಗೆ ಬಿದಿರುಹಳ್ಳ ಎಂಬ ಹತ್ತು ಮನೆಗಳ ಊರು ಬರುತ್ತದೆ. ಆವುಲಪ್ಪ ಇಲ್ಲಿ ಮನೆ ಮನೆಯ ಮುಂದೆ ನಿಂತು ಕಾಗದ ಈಸಿಕೊಂಡು ಬಗಲು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ದಾರಿಯಲ್ಲಿ ಸಿಕ್ಕಿದ್ದನ್ನು ಅಂಚೆಟ್ಟಿಯಲ್ಲಿ ಎಣಿಸಿ ತೊಟ್ಟಿಲಗುಟ್ಟೆಯ ಲೆಕ್ಕಕ್ಕೇ ಸೇರಿಸುತ್ತಾರೆ. ಎಂಟು ಕಾಗದ ಆಗುತ್ತವೆ. ಕೊನೆಯ ಮನೆ ಕದಿರಮ್ಮನದು. ಅರವತ್ತು ದಾಟಿದ ಮುದುಕಿ. ಬಾಗಿಲಲ್ಲಿ ನಿಂತು ಆವುಲಪ್ಪನ ಮುಖ ನೋಡದೆ ಬರೀ ಕಾಲು ನೋಡುತ್ತಾಳೆ.

"ಏನ್ಲಾ ಆವುಲ, ಇನ್ನೂ ಎಳೀತಾ ಐತಲ್ಲ ಕಾಲು."

"ಅದು ಇರ್ತೈತೆ ದೊಡ್ಡಮ್ಮ. ಕಾಗ್ದ ಐತಾ?"

ಅವಳು ತಡೆದು ತಡೆದು ಒಳಗೆ ಹೋಗಿ ರಾಗಿ ಮಡಿಕೆಗೆ ಕೈ ಹಾಕಿ ಒಂದು ಕಾರ್ಡು ತೆಗೆಯುತ್ತಾಳೆ. ಹಿಟ್ಟು ಮೆತ್ತಿಕೊಂಡಿದೆ. ಸಾನಮಾವಿನ ಹತ್ತಿರ ಕೊಟ್ಟಿರುವ ಮಗಳು ಚೆನ್ನಮ್ಮನನ್ನು ಹೆರಿಗೆಗೆ ಬಾ ಎಂದು ಕರೆದು, ಮೊಮ್ಮಗಳ ಕೈಲಿ ಬರೆಸಿದ ಕಾರ್ಡು. ಬರೆಸಿದ್ದು ಫೆಬ್ರವರಿಯಲ್ಲಿ. ಈಗ ಏಪ್ರಿಲ್. ತವರಿನಿಂದ ಕರೆ ಹೋಗದೆ ಬಸುರಿ ಹೊರಡುವ ಪದ್ಧತಿ ಇಲ್ಲಿಲ್ಲ.

"ತಕ್ಕಡಿ ಬಿಚ್ಚಿದ್ ದಿನಾನೇ ಎಲ್ರೂ ಕೊಟ್ರಲ್ಲ ದೊಡ್ಡಮ್ಮ, ನೀನ್ಯಾಕೆ ಮಡಿಕ್ಕೊಂಡೆ?" ಆವುಲಪ್ಪನ ದನಿ ಏರುತ್ತದೆ. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅವತ್ತು ನೀನು ಗೂನು ಬಿದ್ದೋನಂಗೆ ಓಗ್ತಾ ಇದ್ದೆ ಕಣ್ಲಾ. ಇವ್ನ ಬೆನ್ನಿನ್ ಮ್ಯಾಲೆ ನಂದೂ ಒಂದು ಯಾಕೆ ಅಂತ ಇಟ್ಕೊಂಡೆ. ಆಮ್ಯಾಕೂ ಕೊಡಾಕೆ ಮನ್ಸು ಬರ್ಲಿಲ್ಲ."

ಆವುಲಪ್ಪ ಕಾರ್ಡಿನ ಹಿಟ್ಟನ್ನು ಪಂಚೆಯ ಅಂಚಿನಿಂದ ಒರೆಸಿ, ಬಗಲು ಚೀಲದ ಬಾಯಿ ತೆರೆದು ಅವಳ ಮುಂದೆ ಹಿಡಿಯುತ್ತಾರೆ. ಕದಿರಮ್ಮ ತನ್ನ ಕೈಯಿಂದಲೇ ಕಾರ್ಡನ್ನು ಒಳಗೆ ಹಾಕುತ್ತಾಳೆ. ಹಾಕಿ, ಭಾರವಾಯಿತೇನೋ ಎಂದು ಅವರ ಮುಖ ನೋಡುತ್ತಾಳೆ.

ಊರು ದಾಟಿ ಇಳಿಜಾರು ಹಿಡಿದ ಮೇಲೆ, ನಿಮಗೆ ಏನಾಗಬೇಕು ಎಂದು ಕೇಳುತ್ತೇನೆ. ಕೆಲಸ ಕಾಯಂ ಆಗಬೇಕು ಎಂದೋ ಮಂಡಿಗೆ ಔಷಧಿ ಎಂದೋ ಹೇಳುತ್ತಾರೆಂದು ಪೆನ್ನು ತೆಗೆಯುತ್ತೇನೆ. ಅವರು ಎರಡು ಹೆಜ್ಜೆ ಯೋಚಿಸಿ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಳ್ಳುತ್ತಾರೆ.

"ಇನ್ನು ಅನ್ನೊಂದು ದಿನ ಐತೆ ಸಾಮಿ. ಅಲ್ಲೀಗಂಟ ಈ ಜನ ನನ್ ಮ್ಯಾಲೆ ಕನಿಕರ ಪಡ್ದೆ ಇದ್ರೆ ಸಾಕು."

ಹೇಳಿ ಮುಂದೆ ನಡೆಯುತ್ತಾರೆ. ಮೊದಲು ಕೂಗುವ ಹೆಸರು ಚೆನ್ನಮ್ಮನದು.