ಗಜಕರ್ಣ ಹುಡುಕಿಕೊಂಡು ಔರಾದಿಗೆ

ಬೀದರಿನಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಭಾಲ್ಕಿಗೆ ನಲವತ್ತು ರೂಪಾಯಿ, ಮುರಿದ ಸೀಟು. ತೊಡೆಯ ಮೇಲೆ ಬ್ಲೇಡು, ಕರಿ ಕಾಗದದ ಪೊಟ್ಟಣಗಳಿದ್ದ ಡಬ್ಬಿ. ಬರ ಬಿದ್ದು ಹೈದರಾಬಾದಿಗೆ ದುಡಿಯಲು ಹೋಗಿಬಂದವರ ಮೈಮೇಲೆ ಗಜಕರ್ಣ ಎದ್ದಿತ್ತು. ಅದೇ ಗುಳಿಗೆ ಕೆಲವರಿಗೆ ನಾಟುತ್ತದೆ, ಕೆಲವರಿಗೆ ಇಲ್ಲ. ಚರ್ಮ ತಿನ್ನುವ ಆ ಬೂಷ್ಟಿನ ವಂಶವಾಹಿಯಲ್ಲಿ ಸಣ್ಣದೊಂದು ಬದಲಾವಣೆಯಾದರೆ ಸಾಕು, ಗುಳಿಗೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಗೆ ಬದಲಾದದ್ದು ಮೈಯನ್ನು ಹೆಚ್ಚು ಕಾಡುತ್ತದೋ ಕಡಿಮೆಯೋ ಎಂಬುದೇ ನಮ್ಮ ಪ್ರಯೋಗಾಲಯದ ಪ್ರಶ್ನೆ. ಅದಕ್ಕೆ ಕೆರೆದು ತೆಗೆದ ಚಿಟಿಕೆ ಚರ್ಮ ಬೇಕು, ಅದರಲ್ಲಿ ಬೂಷ್ಟು ಜೀವಂತವಿರಬೇಕು. ಮುಲಾಮು ತಾಗಿದ್ದರೆ ಬೆಳೆಯುವುದು ಕಷ್ಟ. ಕೆಲವು ವಾರ ಏನೂ ಹಚ್ಚಬೇಡಿ ಎಂದು ಚರ್ಮ ಕೊಡಲು ಒಪ್ಪಿದ್ದ ಎಲ್ಲರಿಗೂ ಫೋನಿನಲ್ಲಿ ಬೇಡಿಕೊಂಡಿದ್ದೆ.

ಭಾಲ್ಕಿಯಲ್ಲಿ ನನಗಾಗಿ ಕಾದಿದ್ದ ಮೂವರೂ ಬೆಣ್ಣೆ ಸವರಿದ ರೊಟ್ಟಿಯಂತೆ ಮಿಂಚುತ್ತಿದ್ದರು.

"ಡಾಕ್ಟರ್ ಬರ್ತಾರಂದ್ರ ಹಾಂಗೇ ಕೂಡೂದು ಚಲೋ ಕಾಣ್ತದೇನ್ರಿ?" ಎಂದರು ಅವರಲ್ಲಿ ಹಿರಿಯರು.

ನಾನು ಡಾಕ್ಟರಲ್ಲ ಎನ್ನುವ ಉಮೇದೂ ಉಳಿಯಲಿಲ್ಲ. ನಿಲ್ದಾಣದಲ್ಲಿ ಮಿರ್ಚಿ ಭಜಿ ತಿಂದು, ಉರಿ ಬಿಸಿಲಲ್ಲಿ ಕಾದು ಕಾದು ಔರಾದಿನ ಬಸ್ಸು ಹತ್ತಿದೆ.

ಔರಾದಿನಿಂದ ಟಂಟಂ ಆಟೋದಲ್ಲಿ ಕುಲುಕಿಸಿಕೊಂಡು, ನನ್ನ ಪಟ್ಟಿಯಲ್ಲಿ ಕೊನೆಗುಳಿದಿದ್ದ ನಾಗಮ್ಮನ ಊರು ಸೇರಿದೆ. ಆಕೆಯ ಗಂಡ ಹೈದರಾಬಾದಿನಲ್ಲಿ ಗಾರೆ ಕೆಲಸಕ್ಕಿದ್ದ. ಮರುದಿನ ಆಕೆಯೂ ಹೊರಡುವವಳು. ಗುಳಿಗೆ ನುಂಗಿ ನುಂಗಿ ಸೋತಿದ್ದಳು. ತನ್ನ ಮೈಗೆ ಯಾವ ಔಷಧಿ ನಾಟುತ್ತದೆಂದು ಪರೀಕ್ಷೆಗೆ ಕೊಡಲು ಇದೊಂದೇ ದಿನ ಉಳಿದಿತ್ತು. ಆಕೆಯೂ ಜಳಕ ಮಾಡಿ, ಮುಲಾಮು ಬಳಿದುಕೊಂಡು, ಬಾಗಿಲಲ್ಲಿ ನಗುತ್ತ ನಿಂತಿದ್ದಳು.

ನನಗೆ ತಲೆ ಕೆಟ್ಟಿತು. "ಎಷ್ಟು ಸಲ ಹೇಳ್ಬೇಕ್ರಿ ಅಕ್ಕಾ? ಹಚ್ಚಬ್ಯಾಡ್ರಿ ಅಂದಿದ್ದೆ!"

ನಾಗಮ್ಮನ ಮುಖ ಸಣ್ಣದಾಯಿತು. "ಟ್ಯಾಂಕರ್ ಬಂದಿಲ್ರಿ. ನೀವು ಬರ್ತೀರಂತ ಕುಡಿಯೂ ನೀರಾಗ ಒಂದು ಕೊಡ ತಗದಿಟ್ಟು ಮೈ ತೊಕ್ಕೊಂಡೀನಿ."

ನಾಚಿಕೆಯಾಯಿತು. ಆದರೂ ಸಿಟ್ಟು ಇಳಿಯಲಿಲ್ಲ, ಯಾರ ಮೇಲೆ ಎಂಬುದಷ್ಟೇ ತಿಳಿಯದಾಯಿತು. ಡಬ್ಬಿ ಮುಚ್ಚುವಷ್ಟರಲ್ಲಿ ಆಕೆ ಬಲಗೈ ಚಾಚಿದಳು. ಬಾವು ಬಂದ ಮಣಿಕಟ್ಟಿಗೆ ಹಸಿರು ಗಾಜಿನ ಬಳೆಗಳು ಬಿಗಿದಿದ್ದವು.

"ಇದರ ಬುಡಕ ಬೆರಳು ಹೋಗಂಗಿಲ್ರಿ. ಮುಲಾಮು ತಾಗಿಲ್ಲ."

ಅವು ಜಾರುವಂತಿರಲಿಲ್ಲ, ಒಡೆಯಲೇಬೇಕಿತ್ತು. ಗಂಡ ದೂರದಲ್ಲಿರುವಾಗ ಮುತ್ತೈದೆಯ ಕೈ ಬರಿದು ಮಾಡುವುದೆಂದರೆ! "ಬ್ಯಾಡ್ರಿ" ಎಂದೆ. ಒಳಗಿನಿಂದ ಅತ್ತೆ ಅರಿಷಿಣದ ದಾರ ತಂದು ಸೊಸೆಯ ಬಳೆಗಳ ಮೇಲ್ಗಡೆ ಕಟ್ಟಿದರು.

"ಈಗ ಬರಿಗೈ ಅಲ್ಲ. ನಿಮ್ಮ ಕೆಲಸ ಮಾಡ್ರಿ" ಎಂದು ತಾವೇ ಬಟ್ಟೆ ಹಿಡಿದು ಬಳೆ ಒಡೆದರು.

ಕೆಳಗೆ ಕೆಂಪು ಸುತ್ತು, ಅಂಚಿನಲ್ಲಿ ಒಣ ಹೊಟ್ಟು. ಕೆರೆದು ಪೊಟ್ಟಣ ಕಟ್ಟಿದೆ. ಇಡೀ ದಿನದಲ್ಲಿ ಸಿಕ್ಕಿದ್ದು ಅದೊಂದೇ. ಬೂಷ್ಟು ಬೆಳೆದರೆ ಹೈದರಾಬಾದಿಗೇ ಫೋನು ಮಾಡಿ ಔಷಧಿ ತಿಳಿಸುವುದಾಗಿ ಹೇಳಿ ಟಂಟಂ ಹತ್ತಿದೆ. ಹೊರಳಿ ನೋಡಿದಾಗ ನಾಗಮ್ಮ ದಾರ ಕಟ್ಟಿದ ಕೈ ಎತ್ತಿ ಕೂಗಿದಳು:

"ಮುಂದಿನ ಸಲ ಹೇಳದೇ ಬರ್ರಿ ಸಾಹೇಬ್ರ! ಒಂದು ಕೊಡ ನೀರಾದ್ರೂ ಉಳಿತದ."