ಕುಮಟೆಯಲ್ಲಿ ಹಿರೋಷಿಮಾಕ್ಕೆ ಅರ್ಧ ನಿಮಿಷ

ಕುಮಟೆಯ ಕವಿಗೋಷ್ಠಿಯಲ್ಲಿ ಸಮಯ ನೋಡಿ ಗಂಟೆ ಬಾರಿಸುವ ಗುರುತರ ಹೊಣೆ ನನ್ನದಾಗಿತ್ತು. ನನ್ನ ಕವಿತೆಯಿಂದ ಪಾರಾಗಲು ಸಂಘಟಕರು ಕಂಡುಕೊಂಡ ಗೌರವಯುತ ಉಪಾಯ ಅದು. ವಿಷಯ ಅಣುಬಾಂಬು. ಬೆಳಗಿನಿಂದ ಎಲ್ಲರೂ ಅದನ್ನು ಖಂಡಿಸಿದ್ದರು. ಬಾಂಬಿನ ಪರವಾಗಿ ಮಾತಾಡುವವರು ಸಿಗದೆ ಗೋಷ್ಠಿ ಕೊಂಚ ಏಕಪಕ್ಷೀಯವಾಗಿತ್ತು.

ಕೊನೆಯ ಕವಿ ಭಟ್ಕಳದ ಪಕ್ಕದ ಜಾಲಿಯ ನನ್ನ ಗೆಳೆಯರು, ನಿವೃತ್ತ ಗಣಿತ ಮಾಸ್ತರರು. ಮನೆಮಾತು ನವಾಯತಿ, ಕವಿತೆ ಕನ್ನಡ. ಅವರು ಬರೆದದ್ದು ಹಿರೋಷಿಮಾದಲ್ಲಿ ಸತ್ತ ಕೊರಿಯಾದ ಕೂಲಿಗಳ ಬಗ್ಗೆ. ದುಡಿಸಲು ಎಳೆತಂದದ್ದು ಜಪಾನು, ಬಾಂಬು ಹಾಕಿದ್ದು ಅಮೆರಿಕ. ಆ ಕೂಲಿಗಳ ನೆನಪಿನ ಕಲ್ಲು ಕೂಡ ಬಹುಕಾಲ ಶಾಂತಿ ಉದ್ಯಾನದ ಹೊರಗೇ ನಿಂತಿತ್ತು. ಎಷ್ಟೋ ಜನರ ಹೆಸರೇ ಗೊತ್ತಿಲ್ಲ. ಹೆಸರು ಬರಬೇಕಾದ ಜಾಗದಲ್ಲಿ ಮಾಸ್ತರರು ಅರ್ಧ ನಿಮಿಷದ ಮೌನ ಇಟ್ಟಿದ್ದರು. ಕವಿತೆ ಬರೆದದ್ದೇ ಆ ಮೌನಕ್ಕಾಗಿ.

“ಸಭೆಗೆ ಮೊದ್ಲೇ ಹೇಳ್ಲಾ?” ಎಂದು ಕೇಳಿದ್ದೆ.

“ಬೇಡ ಮಾರಾಯ್ರೇ. ಹೇಳಿ ಮಾಡಿಸಿದ್ರೆ ಶೋಕಸಭೆ ಆಗ್ತದೆ. ಜನ ತಾವಾಗೇ ಸುಮ್ಮನಾಗ್ಬೇಕು.”

ಮಾಸ್ತರರು ಓದಿದರು. ಕಲ್ಲಿನ ಸಾಲು ಮುಗಿಸಿ, ಕಣ್ಣು ಮುಚ್ಚಿ ನಿಂತರು.

ಆದರೆ ಅದು ತಾಳಮದ್ದಳೆ ಕೇಳಿ ಬೆಳೆದ ಸಭೆ. ಅರ್ಥ ಹೇಳುವವನಿಗೆ ಮಾತು ತಡೆದರೆ ಎತ್ತಿಕೊಡುವುದು ನಮ್ಮಲ್ಲಿ ಧರ್ಮ.

“ಎಂತ ಆತು ಮಾಸ್ತರೇ, ಮರ್ತು ಹೋಯ್ತಾ?” ಎಂದರು ಮುಂದಿನ ಸಾಲಿನ ಹಿರಿಯರು. “ಕಲ್ಲು ಅಂದ್ರಿ ಕಡೆಗೆ. ಅಲ್ಲಿಂದ ಎತ್ಕಳಿ.”

“ಪ್ರಾಸ ನೋಡಿ,” ಎಂದರು ಹಿಂದಿನವರು. “ಹಲ್ಲು, ಹುಲ್ಲು, ಬಿಲ್ಲು.”

“ಪ್ರಾಸ ಅಲ್ದೋ, ಶುಗರ್ ಕಮ್ಮಿ ಆಗಿಕ್ಕು.”

ಯಾರೋ ಕುರ್ಚಿ ತಂದರು. ಯಾರೋ ಮುರುಗಲ ಹಣ್ಣಿನ ಪಾನಕವನ್ನು ಅವರ ತುಟಿಗೇ ಹಿಡಿದರು. ಮೌನ ಮುರಿಯಲೊಪ್ಪದ ಮಾಸ್ತರರು ಬಾಯಿ ಬಿಗಿದು ಕೈಯಾಡಿಸಿದರು. ತಲೆ ಸುತ್ತುವುದಕ್ಕೆ ಅದೇ ಪುರಾವೆಯಾಯಿತು.

ಅಷ್ಟರಲ್ಲಿ ಅಧ್ಯಕ್ಷರು ಮೈಕು ಹಿಡಿದರು. “ಮಾಸ್ತರರು ಹಿರಿಯರು. ಮೊದಲಿಂದ ಓದಲಿ. ಯಾರೂ ಎತ್ತಿಕೊಡೂಕೆ ಹೋಗ್ಬೇಡಿ.”

ಮಾಸ್ತರರು ಪಾನಕ ಕುಡಿದು ಮತ್ತೆ ಮೊದಲಿಂದ ಓದಿದರು. ಕಲ್ಲು ಹತ್ತಿರವಾದಂತೆ ಸಭೆ ಬೆನ್ನು ನೆಟ್ಟಗೆ ಮಾಡಿ ಕೂತಿತು. ಕಲ್ಲು ಬಂತು. ಅವರು ನಿಂತರು. ಎಲೆಅಡಿಕೆ ಹಾಕಿದವರು ಅಗಿಯುವುದನ್ನು ನಿಲ್ಲಿಸಿದರು. ಫೋನು ರಿಂಗಾದ ಒಬ್ಬರು ಅದರ ಮೇಲೆ ಕೂತುಬಿಟ್ಟರು. ಮಾಸ್ತರರು ಈ ಸಲವಾದರೂ ದಾಟಲಿ ಎಂದು ಸಭೆಗೆ ಸಭೆಯೇ ಉಸಿರು ಹಿಡಿದಿತ್ತು. ಕೊರಿಯಾದ ಕೂಲಿಗಳಿಗೆ ಕುಮಟೆಯಲ್ಲಿ ಅಪ್ಪಟ ಮೌನ ಸಿಕ್ಕಿತು, ಕೊಟ್ಟವರಿಗಷ್ಟೇ ಗೊತ್ತಿರಲಿಲ್ಲ.

“ನಿಮ್ಮದು ಯಾವೂರು?” ಎಂದು ಕವಿತೆಯ ಮುಂದಿನ ಸಾಲು ಬಂದದ್ದೇ, ಚಪ್ಪಾಳೆ ಸೂರು ಹಾರಿಸಿತು.

ಊಟದ ಸಾಲಿನಲ್ಲಿ, ಸಭೆಯಲ್ಲಿ ಮುಂದೆ ಕೂತಿದ್ದ ಅದೇ ಹಿರಿಯರು ಬಂದು ಮಾಸ್ತರರ ಕೈ ಹಿಡಿದುಕೊಂಡರು. “ಅಂತೂ ನೆನಪಾತಲ್ಲ, ಸಾಕು.”

ನಿಜ ಹೇಳಲು ನಾನು ಬಾಯಿ ತೆರೆದೆ. ಮಾಸ್ತರರು ನನ್ನ ಕಾಲು ತುಳಿದರು. ಹಿರಿಯರು ಅತ್ತ ಹೋದ ಮೇಲೆ ತಟ್ಟೆ ಒರೆಸಿಕೊಳ್ಳುತ್ತ ಹೇಳಿದರು: “ಮುಂದಿನ ತಿಂಗಳು ಹೊನ್ನಾವರದಲ್ಲಿ ಓದೋದುಂಟಲ್ಲ. ಅಲ್ಲೂ ಮೊದ್ಲು ಒಂದ್ಸಲ ಮರ್ತೇ ಬಿಡುವಾ.”